ಅತ್ತೆಯ ಕೈಗೆ ಕಡಲೆ ಹಿಟ್ಟು

ಕಡಲೆ ಹಿಟ್ಟಿಗೆ ಕಲಸುತ್ತಿದ್ದುದು ಮೊಸರೋ ಹಾಲಿನ ಕೆನೆಯೋ, ಈಗ ಖಾತ್ರಿಯಾಗಿ ಹೇಳಲಾರೆ. ಮೊಸರು ಎಂದೇ ಬರೆಯುತ್ತೇನೆ. ಇವತ್ತು ನಾನು ಮುಖಕ್ಕೆ ಹಚ್ಚಿಕೊಳ್ಳುವಾಗ ಮೊಸರು ಹಾಕುವುದರಿಂದ ಹಾಗೆ ಅನ್ನಿಸುತ್ತಿರಲೂಬಹುದು. ಆಗ ನನಗೆ ಹತ್ತು ವರ್ಷ, ಇಲ್ಲವೇ ಹನ್ನೊಂದು. ನಿಂಬೆರಸ ಇದ್ದದ್ದು ಮಾತ್ರ ನಿಜ; ನನ್ನ ಬೆರಳಿನ ಗಾಯಕ್ಕೆ ಉರಿ ಹತ್ತಿತ್ತು.

ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಿದ್ದರು. ಅವರ ತಂಗಿ, ನನ್ನ ಅತ್ತೆ, ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ನೂಲಿನ ಲಡಿಗಳನ್ನು ಬಣ್ಣದ ನೀರಿನಲ್ಲಿ ಅದ್ದಿ, ತೆಗೆದು, ಹಿಂಡಿ ಒಣಹಾಕುವ ಕೆಲಸ. ಅವಳ ಕೈಗಳು ಮಣಿಕಟ್ಟಿನವರೆಗೆ ಯಾವಾಗಲೂ ಒಂದಲ್ಲ ಒಂದು ಬಣ್ಣದಲ್ಲಿರುತ್ತಿದ್ದವು. ಮುಧೋಳದ ಕಡೆಯಿಂದ ಅವಳನ್ನು ನೋಡಲು ಬರುತ್ತಾರೆಂದು ಗೊತ್ತಾದ ದಿನವೇ ಅಜ್ಜಿ ಆ ಕೆಲಸ ಬಿಡಿಸಿದಳು. ದಿನಾ ಸಂಜೆ ಅತ್ತೆಯ ಕೈಗೆ ಹಿಟ್ಟು ಹಚ್ಚಿ ತಿಕ್ಕುವುದು ನನ್ನ ಪಾಲಿಗೆ ಬಂತು.

"ಗಟ್ಟಿ ತಿಕ್ಕ ಬೇ. ಉಗುರಿನ ಸಂದ್ಯಾಗ ಇನ್ನೂ ನೀಲಿ ಐತಿ" ಎಂದು ಅಜ್ಜಿ ಹತ್ತಿರ ಕೂತು ನೋಡುತ್ತಿದ್ದಳು.

"ಜುಣಕಕ್ಕರ ಒಂದೀಟ ಹಿಟ್ಟ ಉಳಸ್ರೀ" ಎಂದು ಅಡುಗೆಮನೆಯಿಂದ ಅವ್ವ.

ಅತ್ತೆ ಎರಡೂ ಕೈ ಚಾಚಿಕೊಂಡು ನಗುತ್ತಿದ್ದಳು. "ಇನ್ನ ಎಣ್ಣ್ಯಾಗ ಬಿಡೂದಷ್ಟ ಬಾಕಿ ನೋಡ. ಬಂದವರಿಗೆ ಭಜಿ ಕೊಟ್ರಾತು."

ಎಂಟು ದಿನಕ್ಕೆ ಬಣ್ಣ ಉಗುರಿನ ಅಂಚಿಗೆ ಬಂದು ನಿಂತಿತು. ಅಷ್ಟಾದದ್ದು ನನ್ನಿಂದಲೇ ಎಂದು ನನಗೆ ಹೆಮ್ಮೆ.

ಅವರು ಬರುವ ದಿನ ಬೆಳಿಗ್ಗೆ ಅಪ್ಪ ತಾವೇ ಅದ್ದಿಟ್ಟ ಲಡಿಗಳನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಅತ್ತೆ ಹಿತ್ತಲಿನಿಂದ ಒಳಗೆ ಬಂದಳು. ಎರಡೂ ಕೈ ಮಣಿಕಟ್ಟಿನವರೆಗೆ ಕಡುಹಸಿರು.

"ಏನ ಮಾಡ್ಕೊಂಡಿ ಲೇ ಇದು!" ಎಂದು ಅಜ್ಜಿ ಕೂಗಿದಳು.

"ಲಡಿ ಹಂಗ ಬಿಟ್ರ ಪಟ್ಟಿಪಟ್ಟಿ ಆಗತಾವ. ತಗದ ಹಿಂಡಿ ಹಾಕೇನಿ."

ಅದು ಸುಳ್ಳಲ್ಲ. ಹೆಚ್ಚು ಹೊತ್ತು ಬಿಟ್ಟ ನೂಲಿಗೆ ಬಣ್ಣ ಸಮನಾಗಿ ಹತ್ತುವುದಿಲ್ಲ. ಮತ್ತೆ ತಿಕ್ಕಲು ಸಮಯವಿರಲಿಲ್ಲ. ಅತ್ತೆ ಚಹಾ ತಂದಳು. ಬಂದವರಲ್ಲಿ ಹಿರಿಯ ಹೆಂಗಸು ಮುಖ ನೋಡದೆ ಕೈ ನೋಡಿ, "ಕೈಗೇನಾಗೇತ್ರೀ?" ಎಂದರು.

"ಬಣ್ಣಾರೀ. ನಾನ ಹಾಕ್ತೇನಿ."

ಅವರಿಂದ ಮುಂದೆ ಸುದ್ದಿ ಬರಲಿಲ್ಲ. ಆಮೇಲಿನ ಒಂದೆರಡು ಸಂಬಂಧಗಳೂ ಕೂಡಿಬರದೆ ಅತ್ತೆ ಆ ಮನೆಯಲ್ಲೇ ಉಳಿದಳು.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳತಿಯರಿಗೆ ನಾನು ಇದನ್ನು ಅತ್ತೆಯ ದಿಟ್ಟತನದ ಕಥೆಯಾಗಿ ಹೇಳುತ್ತಿದ್ದೆ. ಲಡಿ ಎತ್ತುವ ಕೋಲು ಪಕ್ಕದಲ್ಲೇ ಗೋಡೆಗೆ ಒರಗಿತ್ತು, ಅದರಿಂದ ಎತ್ತಿಟ್ಟಿದ್ದರೆ ಸಾಕಿತ್ತು, ಅದನ್ನು ಮುಟ್ಟದೆ ಮದುವೆ ತಪ್ಪಿಸಲು ಬೇಕೆಂದೇ ಕೈ ಅದ್ದಿದಳು ಎನ್ನುತ್ತಿದ್ದೆ. ಕೇಳಿದವರಿಗೆ ಆ ಕೋಲೇ ಹಿಡಿಸುತ್ತಿತ್ತು. ಅದನ್ನು ನಾನು ಕಂಡಿದ್ದೆನೋ, ಹೇಳುತ್ತ ಹೇಳುತ್ತ ಸೇರಿಸಿದೆನೋ, ಈಗ ತಿಳಿಯದು. ಕೋಲು ಅಲ್ಲಿರದಿದ್ದರೆ, ಅತ್ತೆ ಬಯಸಿದ್ದಿರಬಹುದಾದ ಮದುವೆಯೊಂದು ನಮ್ಮ ಮನೆಯ ನೂಲಿಗಾಗಿ ತಪ್ಪಿತೆಂದಾಯಿತು. ಅದನ್ನು ಅವಳ ಗೆಲುವು ಎಂದು ಹೇಳಿಕೊಂಡು ನಿಶ್ಚಿಂತಳಾಗಿದ್ದವಳು ನಾನು.

ಎರಡು ತಿಂಗಳ ಹಿಂದೆ, ನಾನು ಪಾಠ ಮಾಡುವ ಜಮಖಂಡಿಯಿಂದ ರಜೆಗೆ ಬನಹಟ್ಟಿಗೆ ಹೋಗಿದ್ದೆ. ಅತ್ತೆ ಬಣ್ಣದ ಕೆಲಸ ಬಿಟ್ಟು ವರ್ಷಗಳಾಗಿವೆ. ಕೈಗಳು ಬೆಳ್ಳಗಿವೆ, ಬೆರಳ ತುದಿಗಳು ಒಡೆದಿವೆ. ನನಗೆಂದು ಕಲಸಿದ ಹಿಟ್ಟಿನಲ್ಲಿ ಸ್ವಲ್ಪ ಅವಳ ಕೈಗೂ ಹಚ್ಚಿದೆ.

"ಇನ್ನ ಯಾರಿಗೆ ತೋರ್ಸೂದೈತಿ ಇವನ್ನ?" ಎಂದಳು, ಆದರೆ ಕೈ ಹಿಂದೆಗೆಯಲಿಲ್ಲ.

ಅಷ್ಟು ವರ್ಷದಲ್ಲಿ ಮನೆಯವರು ಯಾರೂ ಕೇಳದ್ದನ್ನು ಆಗ ಕೇಳಿದೆ. ಅವಳು ಎದ್ದು ನಳದ ಕೆಳಗೆ ಕೈ ತೊಳೆದುಕೊಂಡು ಒಳಗೆ ಹೋದಳು. ಆಮೇಲೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಊಟ ಆಯಿತೇ ಎನ್ನುತ್ತಾಳೆ, ಅದರ ಸುದ್ದಿ ತೆಗೆಯುವುದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಆ ಮದುವಿ ನಿನಗ ಬೇಕಾಗಿತ್ತೇನ?"