ಸೊಪ್ಪು ತಿನ್ನುವ ದೈತ್ಯ ಮತ್ತು ಒಂದು ತಪ್ಪುಕಾಣಿಕೆ

ವಾರವಿಡೀ ನಡೆದದ್ದನ್ನು ಮಾತ್ರ ಬರೆಯುವ ನಾನು ಭಾನುವಾರ ಮಧ್ಯಾಹ್ನ ಎಂದೂ ನಡೆಯದ್ದನ್ನು ಆಡುತ್ತೇನೆ. ರಾಮನಗರದಲ್ಲಿ ಜಿಲ್ಲಾ ವರದಿಗಾರನಾದವನು, ಅದೂ ಕೂದಲು ನರೆತವನು, ಕತ್ತಿ ಹಿಡಿದ ಸನ್ಯಾಸಿನಿಯ ಪಾತ್ರ ವಹಿಸಿಕೊಂಡು ಊಟದ ಮೇಜಿನ ಮೇಲೆ ದಾಳ ಉರುಳಿಸುತ್ತಾನೆ ಎಂದು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಅದೇ ಒಂದು ಸುದ್ದಿಯಾದೀತು, ಆ ಸುದ್ದಿಯನ್ನು ತಿದ್ದುವ ಕೆಲಸವೂ ನನ್ನ ಪಾಲಿಗೇ ಬಂದೀತು.

ಆಟ ಸರಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳು. 'ನಾನು ಬಾಗಿಲು ಒದೆಯುತ್ತೇನೆ' ಎಂದು ನೀವು ಹೇಳಬಹುದು. ಮುರಿದದ್ದು ಬಾಗಿಲೋ ಕಾಲೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮಲ್ಲಿ ಕಥೆ ನಡೆಸುವವನು ಲೋಕೇಶ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ನನ್ನ ಜೊತೆ ಆಡುವವನು ಇಮ್ರಾನ್. ಅವನದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ವಾರವೆಲ್ಲ ಗೂಡಿನ ವಾಸನೆಯಲ್ಲಿ ಪ್ರಾಮಾಣಿಕವಾಗಿ ದುಡಿಯುವ ಅವನು ಆಟದಲ್ಲಿ ಮಾತ್ರ ಕಳ್ಳ.

ಈ ಆಟಕ್ಕೆ ಪ್ರಾಣಿಗಳದ್ದೇ ಒಂದು ದಪ್ಪ ಪುಸ್ತಕವಿದೆ. ನನಗೆ ಅದರ ಬರವಣಿಗೆ ಇಷ್ಟ. ಎಷ್ಟು ದೊಡ್ಡದು, ಎಷ್ಟು ವೇಗ, ಎಷ್ಟು ಪೆಟ್ಟು ತಾಳುತ್ತದೆ, ಎಷ್ಟು ಪೆಟ್ಟು ಕೊಡುತ್ತದೆ ಎಂಬಷ್ಟೇ ಇರುತ್ತದೆ. ಭೀಕರ, ಘೋರ, ಹೃದಯವಿದ್ರಾವಕ ಮುಂತಾದ ಪದಗಳಿಲ್ಲ. ನಮ್ಮ ಹೊಸ ವರದಿಗಾರರಿಗೆ ಓದಿಸಬಹುದಾದ ಗದ್ಯ.

ಕಳೆದ ರಾಗಿ ಸುಗ್ಗಿಗೆ ಮುಂಚೆ ಲೋಕೇಶ ಆ ಪುಸ್ತಕದಿಂದ ಉದ್ದ ಕತ್ತಿನ ಡೈನೊಸಾರನ್ನು ಎಬ್ಬಿಸಿ ತಂದ. ಮೇಜಿನ ಮೇಲೆ ಇಡಲು ಚನ್ನಪಟ್ಟಣದಲ್ಲಿ ಹೇಳಿ ಅದರ ಮರದ ಗೊಂಬೆಯನ್ನೂ ಮಾಡಿಸಿದ್ದ. ಚನ್ನಪಟ್ಟಣದ ಕೈಯಲ್ಲಿ ಎಲ್ಲವೂ ಗುಂಡಗಾಗುತ್ತವೆ. ಕಾಲುಗಳು ಲಟ್ಟಣಿಗೆಯಂತೆ, ಹೊಟ್ಟೆ ಗುಂಡುಬದನೆಯಂತೆ, ಮೇಲೆ ಹಸಿರು ಅರಗಿನ ಹೊಳಪು. ಜಗತ್ತನ್ನೇ ನಡುಗಿಸಬೇಕಾದ ಪ್ರಾಣಿ ತೊಟ್ಟಿಲ ಪಕ್ಕದಲ್ಲಿ ಇಡುವಂತಿತ್ತು.

ಇಂಥ ದೈತ್ಯರ ಎಲುಬುಗಳು ನರ್ಮದೆಯ ದಡದಲ್ಲಿ, ಗೋದಾವರಿಯ ಬಯಲಿನಲ್ಲಿ ಸಿಕ್ಕಿವೆ. ನಮ್ಮಲ್ಲಿ ಸಿಕ್ಕಿಲ್ಲ, ಸಿಗುವುದೂ ಇಲ್ಲ. ರಾಮನಗರದ ಬಂಡೆಗಳು ಡೈನೊಸಾರುಗಳಿಗಿಂತ ಎಷ್ಟೋ ಹಳೆಯವು. ಆ ಪ್ರಾಣಿಗಳು ಬಂದದ್ದು, ಹೋದದ್ದು ಎರಡೂ ಈ ಬಂಡೆಗಳ ಮುಪ್ಪಿನಲ್ಲಿ. ಹೀಗೆ ಲೋಕೇಶನಿಗೆ ನಾನು ವಿವರಿಸುತ್ತಿದ್ದಾಗ ಅಕ್ಕ ಕಾಫಿ ತಂದಳು.

ಅಕ್ಕನ ವಿಷಯ ಹೇಳಬೇಕು. ಅವಳನ್ನು ಕೊಟ್ಟದ್ದು ಕನಕಪುರದ ಆಚೆ, ದೊಡ್ಡಆಲಹಳ್ಳಿ ಕಡೆಯ ಒಂದು ಊರಿಗೆ. ಅದರ ಹಿಂದಿನ ವರ್ಷ ರಾಗಿ ಬಲಿತಿದ್ದ ದಿನಗಳಲ್ಲಿ ಭಾವ ಹೊಲದ ಕಾವಲು ಮುಗಿಸಿ, ಬೆಳಗಿನ ಜಾವ ಮಂಜಿನಲ್ಲಿ ಮನೆಗೆ ಬರುತ್ತಿದ್ದಾಗ ಕಾಡಾನೆಯ ಕಾಲಿಗೆ ಸಿಕ್ಕಿ ತೀರಿಕೊಂಡರು. ಆಮೇಲೆ ಅಕ್ಕನನ್ನು ನಾನು ನಮ್ಮ ಮನೆಗೆ ಕರೆತಂದೆ.

ಆ ಸೀಮೆಯಲ್ಲಿ ರಾಗಿ ಹೊಲದಲ್ಲಿರುವಷ್ಟು ಕಾಲ ಯಾರೂ 'ಆನೆ' ಎನ್ನುವುದಿಲ್ಲ, 'ಗಣಪ್ಪ' ಎನ್ನುತ್ತಾರೆ. ದೂರದಲ್ಲಿ ಕಂಡರೆ ಕೈಮುಗಿದು, 'ಹೋಗಪ್ಪ, ನಿನ್ನ ಪಾಡಿಗೆ ನೀನು ಹೋಗು' ಎಂದು ಬೇಡುತ್ತಾರೆ. ಆಮೇಲೆ ಪಟಾಕಿಯನ್ನೂ ಹಚ್ಚುತ್ತಾರೆ. ಗಣಪ್ಪನನ್ನು ಬೈಯಬಾರದು, ಬೈದರೆ ನೆನಪಿಟ್ಟುಕೊಳ್ಳುತ್ತಾನೆ, ತಪ್ಪು ಮಾಡದವರನ್ನು ಮುಟ್ಟುವುದಿಲ್ಲ ಎಂಬುದು ಅಲ್ಲಿಯ ನಂಬಿಕೆ. ಈ ನಂಬಿಕೆಯ ಕೊನೆಯ ಭಾಗವೇ ಅಕ್ಕನ ತಲೆಯ ಮೇಲೆ ಕೂತದ್ದು. ಭಾವನನ್ನು ಮುಟ್ಟಿದ್ದಾನೆ ಎಂದಮೇಲೆ ಭಾವ ಏನೋ ತಪ್ಪು ಮಾಡಿರಬೇಕು. ಹಿಂದೆ ಎಂದೋ ಮರಿ ಇದ್ದ ಹಿಂಡಿನ ಮೇಲೆ ಪಟಾಕಿ ಎಸೆದಿದ್ದರು ಎಂದು ಒಬ್ಬರು, ಕುಡಿದು ಬೈದಿದ್ದರು ಎಂದು ಇನ್ನೊಬ್ಬರು. ಭಾವ ಕುಡಿಯುತ್ತಿರಲಿಲ್ಲ. ಆದರೂ ಮಾತು ನಿಲ್ಲಲಿಲ್ಲ.

ಅಕ್ಕನ ಮಾವನ ತಮ್ಮ ಮರಿಗೌಡರು ಮನೆಗೆ ಹಿರಿಯರು. ಅವರು ಒಂದು ತೀರ್ಮಾನ ಹೇಳಿ ಕಳಿಸಿದ್ದರು. ವರ್ಷದ ಎಡೆ ಇಡುವ ದಿನ ಅಕ್ಕ ಊರಿಗೆ ಬಂದು, ಗಂಡನ ಪರವಾಗಿ ಗಣಪತಿ ಗುಡಿಯಲ್ಲಿ ತಪ್ಪುಕಾಣಿಕೆ ಒಪ್ಪಿಸಬೇಕು. ಅಲ್ಲಿಯವರೆಗೆ ಅವಳ ಹೊಲದ ಕೆಲಸಕ್ಕೆ ಯಾರೂ ಬರುವುದಿಲ್ಲ. ತಪ್ಪುಕಾಣಿಕೆ ಎಂದರೆ ದೊಡ್ಡ ಖರ್ಚೇನಲ್ಲ, ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಒಂದು ನಾಣ್ಯ. ಅಕ್ಕ ಅದನ್ನು ಕಟ್ಟಿಯೂ ಇಟ್ಟಿದ್ದಳು. ಆದರೆ ಒಪ್ಪಿಸುವಾಗ ಬಾಯಿಬಿಟ್ಟು ತಪ್ಪು ಹೇಳಬೇಕಲ್ಲ?

"ನೀನು ಊರೋರ್ನೆಲ್ಲ ಕೇಳಿ ಬರೆಯೋನು. ಅವ್ರು ಏನ್ ತಪ್ ಮಾಡಿದ್ರು ಅಂತ ಒಸಿ ಕೇಳ್ಕೊಂಡ್ ಬಾರಪ್ಪ. ಗೊತ್ತಾದ್ರೆ ಹೇಳಿ ಕೈಮುಗೀತೀನಿ" ಎಂದಳು.

ಹೋಗಿ ಕೇಳಿದೆ. ಎಸೆದ ಪಟಾಕಿಯನ್ನು ಕಣ್ಣಾರೆ ಕಂಡವರು ಸಿಗಲಿಲ್ಲ. ಕೇಳಿದವರಿಗೆ ಹೇಳಿದವರು ಸಿಕ್ಕರು, ಅವರಿಗೆ ಹೇಳಿದವರು ಸಿಗಲಿಲ್ಲ. ತಪ್ಪು ಸಿಗಲಿಲ್ಲ ಎನ್ನುವುದು ಬೇರೆ, ತಪ್ಪು ಇರಲಿಲ್ಲ ಎನ್ನುವುದು ಬೇರೆ. ಇದು ನನ್ನ ವೃತ್ತಿ ಕಲಿಸಿದ ಪಾಠ. ಹಾಗಾಗಿ ಅಕ್ಕನಿಗೆ "ಗೊತ್ತಾಗಲಿಲ್ಲ" ಎಂದಷ್ಟೇ ಹೇಳಿದೆ. ಖಚಿತವಾದ ಉತ್ತರ, ಆದರೆ ತಮ್ಮನಾದವನು ಕೊಡುವ ಉತ್ತರವಲ್ಲ ಎಂದು ಆಗಲೂ ಅನಿಸಿತ್ತು.

ಆ ಭಾನುವಾರ ಕಾಫಿ ಇಟ್ಟ ಅಕ್ಕ ಮರದ ಗೊಂಬೆಯನ್ನು ನೋಡಿ ನಿಂತಳು. "ಇದೇನಪ್ಪ ಲೋಕೇಶ, ಕತ್ತು ಇಷ್ಟುದ್ದ? ಮನುಷ್ಯರ್ನ ತಿಂತದಾ?"

"ಇಲ್ಲ ಅಕ್ಕ. ಪಾಪದ್ದು, ಸೊಪ್ಪು ಮಾತ್ರ ತಿನ್ನೋದು."

"ಸೊಪ್ಪು ತಿನ್ನೋದಾ? ಹಂಗಾರೆ ಹುಷಾರು ಕಣ್ರಪ್ಪ" ಎಂದು ಅವಳು ಕುರ್ಚಿ ಎಳೆದು ಕೂತಳು.

ನಾವು ಮಕ್ಕಳನ್ನು ಹೆದರಿಸುವುದು ಹಲ್ಲು ತೋರಿಸಿ. ಹುಲಿ, ಚಿರತೆ, ರಾಕ್ಷಸ, ಎಲ್ಲರಿಗೂ ಕೋರೆಹಲ್ಲು. ಕಾಲು ತೋರಿಸಿ ಹೆದರಿಸಿದವರನ್ನು ನಾನು ಕಂಡಿಲ್ಲ. ಆದರೆ ಕಾಲು ಹಲ್ಲಿಗಿಂತ ಕೆಟ್ಟದ್ದು. ಹಲ್ಲಿಗೆ ಒಂದು ಉದ್ದೇಶವಿದೆ, ಕಚ್ಚಿದವನು ಕಚ್ಚಲೆಂದೇ ಬಂದಿರುತ್ತಾನೆ. ಕಾಲಿಗೆ ಅದೂ ಇಲ್ಲ.

ಇಮ್ರಾನನಿಗೆ ಆ ಪ್ರಾಣಿಯನ್ನು ಕೊಲ್ಲುವ ಆಸೆ. ಅಕ್ಕ ಕೇಳಿದಳು, "ಕೊಂದ್ರೆ ಏನ್ ಸಿಗ್ತದೆ?"

"ಅನುಭವ ಸಿಗುತ್ತೆ ಅಕ್ಕ. ಅನುಭವದ ಅಂಕ."

"ಅನುಭವವಾ? ನನ್ನತ್ರ ಬೇಜಾನ್ ಬಿದ್ದೈತೆ, ತಕ್ಕೊಂಡೋಗು. ಅದನ್ನ ಬುಟ್ಬುಡು."

ಎಲ್ಲರೂ ನಕ್ಕೆವು. ಇಮ್ರಾನ್ ಅಕ್ಕನ ಮಾತಿಗೆ ಬೆಲೆ ಕೊಟ್ಟು ಕತ್ತಿಯನ್ನು ಒರೆಗೆ ಸೇರಿಸಿದ. ಸದ್ದು ಮಾಡದೆ ಆ ಪ್ರಾಣಿಯ ಹೊಟ್ಟೆಯ ಕೆಳಗಿನಿಂದ ನುಸುಳಿ ಆಚೆ ಹೋಗುತ್ತೇನೆ ಎಂದ. ದಾಳ ಎಸೆದ. ಬಿದ್ದದ್ದು ಒಂದು, ಈ ಆಟದಲ್ಲಿ ಅದಕ್ಕಿಂತ ಕೆಟ್ಟ ಅಂಕವಿಲ್ಲ. ಲೋಕೇಶ ತನ್ನ ದಾಳ ಎಸೆದು, ಪುಸ್ತಕ ನೋಡಿ, ಶಾಂತವಾಗಿ ಹೇಳಿದ: "ಹಿಂಗಾಲು ನಿನ್ನ ಮೇಲೆ ಬಿತ್ತು. ಸತ್ತೆ."

"ಸತ್ನಾ? ನಾನೇನ್ ಮಾಡ್ದೆ ಸಾರ್? ಕತ್ತೀನೂ ಒಳಗಿಟ್ಟೆ. ಒಂದ್ ಕಲ್ಲೂ ಎಸೀಲಿಲ್ಲ!"

"ಏನೂ ಮಾಡ್ಲಿಲ್ಲ ಮಾರಾಯ. ಅದು ಕೆರೆಗೆ ಹೋಗ್ತಾ ಇತ್ತು, ನೀನು ದಾರೀಲಿದ್ದೆ. ಅಷ್ಟೇ."

ಹೇಳಿದ ಮೇಲೆ ಲೋಕೇಶನಿಗೆ ತಾನು ಯಾರ ಎದುರು ಹೇಳಿದೆ ಎಂಬುದು ಹೊಳೆಯಿತು. ನಾನು ಕಾಫಿ ಲೋಟ ಎತ್ತಿಕೊಂಡೆ. ಬರವಣಿಗೆಯವರು ಮಾತು ಸಿಗದಾಗ ಮಾಡುವ ಕೆಲಸ.

"ಅಷ್ಟೇನಾ?" ಅಕ್ಕ ಕೇಳಿದಳು.

"ಅಷ್ಟೇ ಅಕ್ಕ."

"ಅದಕ್ಕೆ ಇವನ ಮೇಲೆ ಸಿಟ್ಟಿರ್ಲಿಲ್ವಾ?"

"ಅದಕ್ಕೆ ಇವನು ಯಾರು ಅಂತಾನೇ ಗೊತ್ತಿಲ್ಲ. ತಲೆ ಮರದ ಮೇಲಿತ್ತು."

"ಏನೂ ತಪ್ ಮಾಡ್ದಿದ್ರೂವಾ?"

ಲೋಕೇಶ ಮಾತು ಮರೆಸಬಹುದಿತ್ತು. ಹೊಸ ದಾಳ ಎಸೆದು ಇಮ್ರಾನನನ್ನು ಬದುಕಿಸಲೂ ಬಹುದಿತ್ತು, ಕಥೆ ನಡೆಸುವವನಿಗೆ ಆ ಅಧಿಕಾರವಿದೆ. ಅವನು ಪುಸ್ತಕ ಮುಚ್ಚಿ, "ತಪ್ಪಿಗೂ ಇದಕ್ಕೂ ಸಂಬಂಧವೇ ಇಲ್ಲ ಅಕ್ಕ" ಎಂದ.

ಅಕ್ಕ ಎದ್ದು ಲೋಟಗಳನ್ನು ಒಟ್ಟು ಮಾಡಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಗೆಳೆಯರು ಹೋದ ಮೇಲೆ ನನ್ನೊಳಗಿನ ವರದಿಗಾರ ಸುಮ್ಮನಿರಲಿಲ್ಲ. ಡೈನೊಸಾರು ಬೇರೆ, ಆನೆ ಬೇರೆ. ಪುಸ್ತಕದಲ್ಲಿ ಆ ದೈತ್ಯನಿಗೆ ಬುದ್ಧಿ ಇಲ್ಲವೆಂದೇ ಬರೆದಿದೆ. ಆನೆಯ ಬುದ್ಧಿ, ನೆನಪು ಎರಡೂ ದೊಡ್ಡವು. ಆಟದ ಪುಸ್ತಕವನ್ನು ಸಾಕ್ಷಿಯಾಗಿ ಹೊಲಕ್ಕೆ ಒಯ್ಯಲಾಗದು. ಇದನ್ನು ಅಕ್ಕನಿಗೆ ಹೇಳದಿದ್ದರೆ ತಪ್ಪು ಸುದ್ದಿ ಬಿಟ್ಟಂತಾದೀತು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟೆ.

ಅವಳು ತಿರುಗಿಯೂ ನೋಡಲಿಲ್ಲ. "ಗಣಪ್ಪಂಗೆ ಬುದ್ಧಿ ಐತೆ ಅಂತ ನಂಗೊತ್ತಿಲ್ವೇನೋ? ನಿನ್ನ ಪೇಪರ್ ಹುಟ್ಟೋಕ್ ಮುಂಚಿಂದ ಅವನ್ನ ನೋಡೋ ಊರು ಕಣೋ ನಮ್ದು. ನಂಗೆ ಬೇಕಾಗಿದ್ದು ಅದಲ್ಲ."

"ಮತ್ತೆ?"

"ವರ್ಷದಿಂದ ಎಲ್ರೂ ತಪ್ಪು ಹುಡುಕುದ್ರು. ನೀನೂ ಹುಡ್ಕೋಕೋದೆ. ತಪ್ಪಿಲ್ದೇನೂ ಜನ ಸಾಯ್ತಾರೆ ಅಂತ ಒಬ್ಬರೂ ಬಾಯ್ಬುಟ್ಟು ಅನ್ಲಿಲ್ಲ. ಆಟಕ್ಕೋ ಏನೋ, ಆ ಮೇಷ್ಟ್ರು ಅಂದ."

ಅವಳು ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅಳುವವರ ಮುಖವನ್ನು ಎಷ್ಟೋ ಸಲ ವೃತ್ತಿಯ ಕಣ್ಣಿನಿಂದ ನೋಡಿದ ನಾನು ಅಂದು ಅವಳ ಬೆನ್ನನ್ನಷ್ಟೇ ನೋಡುತ್ತ ನಿಂತೆ.

ವರ್ಷದ ಎಡೆಗೆ ಇಬ್ಬರೂ ಊರಿಗೆ ಹೋದೆವು. ದಾರಿಯುದ್ದಕ್ಕೂ ರಾಗಿ ತೆನೆ ಬಾಗಿತ್ತು. ಅಕ್ಕನ ಹೊಲವೊಂದರಲ್ಲೇ ಕಳೆ. ಅವಳು ಅದನ್ನು ನೋಡಿಕೊಂಡೇ ಮುಂದೆ ನಡೆದಳು. ಮನೆಯಲ್ಲಿ ಭಾವನ ಫೋಟೋ ಮುಂದೆ ಬಾಳೆಲೆ ಹಾಕಿ ಮುದ್ದೆ, ಉಪ್ಪುಸಾರು, ಹುಚ್ಚೆಳ್ಳು ಚಟ್ನಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದಳು. ನೆಂಟರೆಲ್ಲ ಸೇರಿದ್ದರು. ಮರಿಗೌಡರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುನಿಂತರು.

"ನಡಿಯವ್ವ, ಮೊದ್ಲು ಗುಡಿಗ್ ಹೋಗ್ಬುಟ್ಟು ಬರುವ. ಕಾಣಿಕೆ ಎಲ್ಲಿ?"

"ತರ್ಲಿಲ್ಲ ಮಾವ."

"ತರ್ಲಿಲ್ಲ ಅಂದ್ರೆ?"

"ಬಿಚ್ಬುಟ್ಟೆ. ಅವ್ರು ಮನೆಗೆ ಬತ್ತಿದ್ರು. ಅದು ಕಾಡಿಗೆ ಹೋಯ್ತಿತ್ತು. ಇಬ್ರದ್ದೂ ಹೊಟ್ಟೆಪಾಡು, ಇಬ್ರದ್ದೂ ಒಂದೇ ದಾರಿ. ಮಾಡ್ದಿರೋ ತಪ್ಪನ್ನ ಅವ್ರ ಹೆಸ್ರಿಗೆ ನಾನು ಬರ್ಸಾಕಿಲ್ಲ."

ನಾನು ಮರಿಗೌಡರ ಮುಖ ನೋಡುತ್ತಿದ್ದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆ ಮುದುಕರು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ಗೋಡೆಗೆ ಒರಗಿ ಕೂತರು. ಅವರ ಹೊಲ ಅಕ್ಕನ ಹೊಲದ ಪಕ್ಕದ್ದೇ. ರಾಗಿ ಇನ್ನೂ ಕೊಯ್ದಿರಲಿಲ್ಲ.

"ಹಂಗಂದ್ಬುಟ್ರೆ ಹೆಂಗವ್ವ?" ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. "ತಪ್ಪಿಲ್ದೇನೂ ಮುಟ್ತಾನೆ ಅಂದ್ರೆ ನಾಳೆ ನಾನು ಹೆಂಗ್ ಕಾವ್ಲಿಗೋಗ್ಲಿ?"

ಊರಿಗೇ ಬಂದು ಅವರಿವರನ್ನು ಕೇಳಿ ಹೋಗಿದ್ದ ನನಗೆ ಕೇಳಲು ಹೊಳೆಯದ ಪ್ರಶ್ನೆಯ ಉತ್ತರ ಅಲ್ಲಿತ್ತು. ಆ ಊರು ಭಾವನ ಮೇಲೆ ತಪ್ಪು ಹೊರಿಸಿದ್ದು ದ್ವೇಷದಿಂದಲ್ಲ. ಸತ್ತವನದು ತಪ್ಪಿದ್ದರೆ ಮಾತ್ರ ಉಳಿದವರು ಧೈರ್ಯವಾಗಿ ಹೊಲಕ್ಕೆ ಹೋಗಬಹುದಿತ್ತು.

ಅಕ್ಕ ಅವರ ಮುಂದೆ ಎಲೆ ಹಾಕಿದಳು. ನೀರು ಚಿಮುಕಿಸಿ, ಒಂದು ಮುದ್ದೆ ಇಟ್ಟಳು.

"ಒಬ್ರೇ ಹೋಗ್ಬೇಡಿ ಮಾವ" ಎಂದಳು. "ಊಟ ಮಾಡಿ. ನಾಳೆಯಿಂದ ನಾನೂ ಬತ್ತೀನಿ."