ನಾನು ಕೈಯಿಟ್ಟರೆ ಕರೆಂಟು ಹೋಗುತ್ತಿತ್ತು

ದುರ್ಗಿಗುಡಿಯ ನಮ್ಮ ಬಾಡಿಗೆ ಮನೆಯ ಟಿವಿಗೆ ಬಂದ ರೋಗ ಇಷ್ಟೇ: ತಾನಾಗಿ ಆರುತ್ತಿತ್ತು, ತಾನಾಗಿ ಹತ್ತುತ್ತಿತ್ತು. ಪ್ಲಗ್ಗಿನ ಹತ್ತಿರ ಒಮ್ಮೊಮ್ಮೆ ಚರ್ ಅನ್ನುವ ಸದ್ದು. ರಿಮೋಟಿಗೆ ಹೊಸ ಸೆಲ್ ಹಾಕಿದೆ. ಸೆಟ್‌ಟಾಪ್ ಬಾಕ್ಸ್ ಆಫ್ ಮಾಡಿ, ನೂರು ಎಣಿಸಿ ಆನ್ ಮಾಡಿದೆ. ಹಿಂದಿನ ಕೇಬಲ್ಲುಗಳನ್ನೆಲ್ಲ ಕಿತ್ತು, ಊದಿ, ಮತ್ತೆ ಚುಚ್ಚಿದೆ. ಫೋನಿನಲ್ಲಿ ನೋಡಿ ಕಲಿತ ವಿದ್ಯೆ ಅಲ್ಲಿಗೆ ತೀರಿತು. ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಗೋಡೆಯ ಪ್ಲಗ್ ಬೋರ್ಡನ್ನೇ ಬಿಚ್ಚಲು ಕೂತೆ.

ಮನೆಯಲ್ಲಿ ಈ ಕೆಲಸ ಬಲ್ಲವರು ಇರಲಿಲ್ಲ ಅಂತಲ್ಲ. ನನ್ನ ಮಾವ, ಅಂದರೆ ಗಂಡನ ಅಪ್ಪ, ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದರು. "ಸ್ವಿಚ್ ಆಫ್ ಮಾಡಿದ್ರೆ ಸಾಲ್ದು ಕಣಮ್ಮ, ಬಿಡು, ನಾನು ನೋಡ್ತೀನಿ" ಅಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಕಾರ್ಖಾನೆ ಕಾಲದ್ದೆಲ್ಲ ಇಲ್ಲಿ ನಡೆಯಲ್ಲ ಮಾವ. ನಿಮ್ಮ ಕೈ ಬೇರೆ ನಡುಗುತ್ತೆ. ಸುಮ್ನೆ ಕೂತ್ಕೊಳಿ" ಅಂದುಬಿಟ್ಟೆ. ಅವರು ಜಗುಲಿಗೆ ಹೋಗಿ ಮೀಟರ್ ಬೋರ್ಡಿನ ಕೆಳಗಿನ ಕುರ್ಚಿಯಲ್ಲಿ ಸುಮ್ಮನೆ ಕೂತರು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಆಮೇಲೆ ಶುರುವಾಯಿತು ತಲೆ ಕೆಡಿಸುವ ಆಟ. ನಾನು ಬೋರ್ಡಿಗೆ ಕೈ ಹಾಕಿದ್ದೇ ತಡ, ನಡುಮನೆಯ ಫ್ಯಾನು ನಿಲ್ಲುತ್ತಿತ್ತು. ಅಡುಗೆಮನೆಯ ಲೈಟು ಮಾತ್ರ ಉರಿಯುತ್ತಿತ್ತು. ಪಕ್ಕದ ಮನೆಯಲ್ಲೂ ಕರೆಂಟಿದೆ! ಅರ್ಧ ಗಂಟೆ ಒದ್ದಾಡಿ, ಬೋರ್ಡು ಮುಚ್ಚಿ, "ಮುಗೀತು, ನನ್ನಿಂದಾಗಲ್ಲ" ಅಂತ ಕೂಗಿ ಎದ್ದರೆ, ಬೆನ್ನ ಹಿಂದೆಯೇ ಫ್ಯಾನು ತಿರುಗುವುದು. ಮೂರು ಭಾನುವಾರ ಹೀಗೇ ಆಯಿತು. ಇದು ಟಿವಿಯ ದೋಷವೋ, ಮನೆಯ ದೋಷವೋ, ನನ್ನ ಕೈಗುಣವೋ ತಿಳಿಯಲಿಲ್ಲ. "ನಿನ್ನ ಸಿಟ್ಟು ಕಂಡ್ರೆ ಕರೆಂಟಿಗೂ ಭಯ, ಮಾರಾಯ್ತಿ" ಅಂತ ಗಂಡ ನಕ್ಕ.

ನಾಲ್ಕನೆಯ ಭಾನುವಾರ ಬೋರ್ಡು ಬಿಚ್ಚಿದೆ, ಫ್ಯಾನು ನಿಂತಿತು. ಅವತ್ತು ಕೂಗುವುದಕ್ಕೂ ಮನಸ್ಸಾಗದಷ್ಟು ಸಿಟ್ಟು. ಬಿಚ್ಚಿದ ಬೋರ್ಡನ್ನು ಹಾಗೇ ಬಿಟ್ಟು, ತುಟಿ ಕಚ್ಚಿಕೊಂಡು ಎದ್ದೆ. ಮಾವ ಜಗುಲಿಯಿಂದ ಬಗ್ಗಿ ನೋಡಿದರು, ನಾನು ಮುಖ ತಿರುಗಿಸಿದೆ. ಮಧ್ಯಾಹ್ನದವರೆಗೆ ಕೂತಿದ್ದು, ಭದ್ರಾವತಿಯ ಮಗಳ ಮನೆಗೆ ಹೋಗುತ್ತೇನೆಂದು ಮಗನಿಗೆ ಹೇಳಿ ಬಸ್ಸು ಹತ್ತಿದರು. ಬಟ್ಟೆಯನ್ನೆಲ್ಲ ಕಟ್ಟಿಕೊಂಡು ಹೋಗಿದ್ದರು. ಟಿವಿ ಹೋದರೆ ಇನ್ನೊಂದು ತರಬಹುದು. ನನ್ನ ನಾಲಿಗೆಗೆ ಹೆದರಿ ಹೋದ ಹಿರಿಯರನ್ನು ಏನು ಹೇಳಿ ಕರೆತರಲಿ?

ಫ್ಯಾನು ಮಾತ್ರ ಈ ಸಲ ಹತ್ತಲೇ ಇಲ್ಲ. ಮರುದಿನ ರಿಪೇರಿಯವನನ್ನು ಕರೆಸಿದೆ. ಮೀಟರ್ ಬೋರ್ಡು ತೆಗೆದವನೇ, "ಅಕ್ಕಾ, ಇಲ್ಲಿ ಫ್ಯೂಸೇ ಇಲ್ವಲ್ಲ!" ಅಂದ. ಎರಡು ಬಿಳಿ ಪಿಂಗಾಣಿ ಫ್ಯೂಸುಗಳಿರಬೇಕಾದ ಕಡೆ ಅಡುಗೆಮನೆಯ ಲೈನಿನದು ಒಂದೇ ಇತ್ತು. ಫ್ಯೂಸನ್ನು ಯಾರು ಕದಿಯುತ್ತಾರೆ? ಆಮೇಲೆ ಮೀಟರ್ ಬೋರ್ಡಿನ ಕೆಳಗೆ ಮಾವನ ಖಾಲಿ ಕುರ್ಚಿ ಕಣ್ಣಿಗೆ ಬಿತ್ತು. ಇಷ್ಟು ದಿನ ನನ್ನನ್ನು ಬೇಕಂತಲೇ ಸತಾಯಿಸಿದರಾ! ಮೈಯೆಲ್ಲ ಉರಿದುಹೋಯಿತು. ಮಾತುಗಳನ್ನು ಜೋಡಿಸಿಕೊಳ್ಳುತ್ತಲೇ ಭದ್ರಾವತಿ ಬಸ್ಸು ಹಿಡಿದೆ.

ನಾದಿನಿಯ ಮನೆಯ ಬಾಗಿಲು ತೆಗೆದವರು ಮಾವನೇ. ನಾನು ಬಾಯಿ ತೆರೆಯುವ ಮೊದಲೇ, "ಬೋರ್ಡ್ ಮುಚ್ಚಿದ್ಯೇನಮ್ಮ?" ಅಂದರು. ಇಲ್ಲವೆಂದು ತಲೆಯಾಡಿಸಿದೆ. ಅಂಗಿಯ ಜೇಬಿನಿಂದ ಫ್ಯೂಸ್ ತೆಗೆದು ತೋರಿಸಿದರು.

"ನಮ್ಮ ಕಾರ್ಖಾನೇಲಿ ಒಬ್ಬ ಲೈನಿಗೆ ಕೈ ಹಾಕಿದ್ರೆ ಇನ್ನೊಬ್ಬ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೋಬೇಕು. ಕೆಲಸ ಮಾಡೋನು ಬಾಯ್ಬಿಟ್ಟು ಮುಗೀತು ಅನ್ನೋವರೆಗೂ ವಾಪಸ್ ಹಾಕಂಗಿಲ್ಲ. ಬೇರೆ ದಿನ ಕೂಗ್ತಿದ್ದೆ, ನಾನು ಹಾಕ್ತಿದ್ದೆ. ನಿನ್ನೆ ನೀನು ಮಾತೇ ಆಡ್ಲಿಲ್ಲ. ಬೋರ್ಡ್ ಬಿಚ್ಚಿ ಬಿಟ್ಟಿದ್ದೆ. ಹ್ಯಾಗೆ ಹಾಕಿ ಬರ್ಲಿ?"

ನಾಚಿಕೆಯಾಯಿತು. "ಮುಗೀತು ಮಾವ. ಮನೆಗೆ ಬನ್ನಿ" ಅಂದೆ. ಅವರು ಚಪ್ಪಲಿ ಹುಡುಕತೊಡಗಿದರು.

ಮನೆಗೆ ಬಂದವರು ನನ್ನನ್ನು ದೂರ ನಿಲ್ಲಿಸಿ ಫ್ಯೂಸ್ ಹಾಕಿದರು. ಸ್ವಿಚ್ ಆಫ್ ಇದೆಯೆಂದು ಎರಡು ಸಲ ತೋರಿಸಿ, ಪ್ಲಗ್ಗಿನ ತೂತಿಗೆ ಟೆಸ್ಟರ್ ಇಟ್ಟರು. ಅದರ ಕೆಂಪು ದೀಪ ಹತ್ತಿತು. "ನೋಡು, ಯಾರೋ ವೈರ್ ಅದಲು ಬದಲು ಮಾಡಿದ್ದಾರೆ. ಆಫ್ ಮಾಡಿದ್ರೂ ಕರೆಂಟಿದೆ." ನಾಲ್ಕು ಭಾನುವಾರ ಅದರೊಳಗೆ ಆಡಿದ್ದ ನನ್ನ ಬೆರಳುಗಳನ್ನು ನೋಡಿಕೊಂಡೆ. ಅಳು ತಡೆಯಲಾಗಲಿಲ್ಲ.

ಮಾವ ಫ್ಯೂಸನ್ನು ಮತ್ತೆ ಕಿತ್ತರು. ಈ ಸಲ ಜೇಬಿಗೆ ಹಾಕಿಕೊಳ್ಳದೆ ನನ್ನ ಕೈಗೆ ಕೊಟ್ಟರು.

"ನನ್ನ ಕೈ ನಡುಗುತ್ತಲ್ಲ. ನೀನೇ ಮಾಡು, ಹೇಳ್ಕೊಡ್ತೀನಿ."

ನನ್ನ ಚೂಡಿದಾರಕ್ಕೆ ಜೇಬಿರಲಿಲ್ಲ. ವೇಲಿನ ತುದಿಗೆ ಫ್ಯೂಸನ್ನು ಗಂಟು ಹಾಕಿಕೊಂಡು ಬೋರ್ಡಿನ ಮುಂದೆ ಕೂತೆ.