ಅಕ್ಕ ಹಿಡಿದು ತಂದ ಚೇಳು

ಮೊನ್ನೆ ಭಾನುವಾರ ನಿಟ್ಟುವಳ್ಳಿಗೆ, ಅಕ್ಕನ ಮನೆಗೆ ಹೋದೆ. ಕಾಫಿ ಬರಲಿಲ್ಲ. ಉಪ್ಪಿನಕಾಯಿ ಬಾಟ್ಲಿ ಬಂತು. ಒಳಗೆ ಚೇಳು! ಕರ್ರಗೆ, ಜೀವಂತವಾಗಿ, ಕೊಂಡಿ ಎತ್ತಿಕೊಂಡು ನಿಂತಿತ್ತು.

"ಇದನ್ನ ಇವರ ಯಾವ ಕೈಗೆ ಕಚ್ಚಿಸ್ಬೇಕು? ನಿನ್ನ ಫ್ರೆಂಡನ್ನ ಕೇಳಿ ಹೇಳು" ಅಂದಳು ಅಕ್ಕ.

ಇವರು ಅಂದ್ರೆ ನಮ್ಮ ಭಾವ. ಅರಳೆ ವ್ಯಾಪಾರಿ. ಯುಗಾದಿ ಆದಮೇಲೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಅಂಗಿ ಗುಂಡಿ ಅಕ್ಕನೇ ಹಾಕಬೇಕು. ಆಗೆಲ್ಲ ಭಾವ ಗೋಡೆ ಕಡೆ ಮುಖ ಮಾಡುತ್ತಾರೆ.

ಫ್ರೆಂಡು ಅಂದ್ರೆ ಹರಿಹರದ ರಹಮತ್, ಜುವಾಲಜಿ ಲೆಕ್ಚರರ್. ಹಿಂದಿನ ವಾರ ಭಾವನನ್ನು ನೋಡಲು ಬಂದವನು ಯಾವುದೋ ಫಾರಿನ್ ಜರ್ನಲ್ಲಿನ ವಿಷಯ ತೆಗೆದ. ಚೇಳು, ಜೇಡ, ಸಮುದ್ರದ ಶಂಖದ ಹುಳ, ಇಂಥ ಬೆನ್ನೆಲುಬಿಲ್ಲದ ಪ್ರಾಣಿಗಳ ವಿಷದಲ್ಲಿ ಪೆಪ್ಟೈಡ್ ಅಂತ ಪ್ರೋಟೀನಿನ ಚೂರುಗಳಿವೆಯಂತೆ. ನಮ್ಮ ನರಕೋಶಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಬೀಗಕ್ಕೆ ಕೀಲಿ ಕೂತ ಹಾಗೆ ಒಂದೊಂದು ಚೂರು ಒಂದೊಂದು ಬಾಗಿಲಿಗೆ ಕೂರುತ್ತದಂತೆ! ಸಾಯುತ್ತಿರುವ ನರವನ್ನು ಉಳಿಸುವ ಕೀಲಿಯೂ ಅದರಲ್ಲೇ ಇರಬಹುದು ಅಂದ.

ನನಗೆ ಮೈ ಜುಮ್ಮೆಂದಿತು. ಕಣ್ಣಿಗೇ ಕಾಣದಷ್ಟು ಸಣ್ಣ ಕೀಲಿ! ಅದೂ ಎಲ್ಲಿ? ಕಲ್ಲಿನ ಸಂದಿಯಲ್ಲಿ ಕೂತ ಚೇಳಿನ ಬಾಲದಲ್ಲಿ! (ಅದು ಕಂಡರೆ ನಾವು ಹುಡುಕೋದು ಚಪ್ಪಲಿ.) ಎಂಥ ಮಾಯೆ ಕಣ್ರೀ ಇದು!

ಅವತ್ತು ನಾನು ಬೆರಗಾಗಿ ನನ್ನ ಮನೆಗೆ ಹೋದೆ. ಅವನ ಮಾತು ಕೇಳುತ್ತಾ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದ ಅಕ್ಕ ಮಾತ್ರ ಇಕ್ಕಳ ಹಿಡಿದು, ಹಿತ್ತಲಾಚೆಯ ಮಂಡಕ್ಕಿ ಭಟ್ಟಿಯ ಹೊಟ್ಟಿನ ಗುಡ್ಡೆ ಕೆದಕಿ ಈ ಚೇಳು ಹಿಡಿದಿದ್ದಾಳೆ.

ಬಾಟ್ಲಿ ಬಿಟ್ಟು ಭಾವನ ಕಡೆ ನೋಡಿದೆ. ಅಂಗಿ ತೋಳು ಮೇಲಕ್ಕೆ ಸರಿಸಿಕೊಂಡು ರೆಡಿಯಾಗಿ ಕೂತಿದ್ದರು! ಅರಳೆಯನ್ನು ಹಿಂಜಿ ನೋಡದೆ ರೇಟು ಹೇಳದ ಮನುಷ್ಯ.

ಎದುರಿನ ಅಂಗಡಿಯಿಂದ ಹರಿಹರಕ್ಕೆ ಫೋನ್ ಮಾಡಿದೆ. ರಹಮತ್ ಸಿಕ್ಕ ಬಸ್ಸು ಹತ್ತಿ ಓಡಿಬಂದ.

"ಬ್ಯಾಡ್ರೀ ಅಕ್ಕಾರ! ಅದರಾಗೆ ಉಳಿಸೋದು ಒಂದಿದ್ರೆ ಕೊಲ್ಲೋವು ಹತ್ತು ಇರ್ತಾವು. ಬ್ಯಾರೆ ಮಾಡಿ ಔಷಧಿ ಆಗಾಕ ಇನ್ನೂ ಎಷ್ಟು ವರ್ಷಾನೋ. ಇವರ ಎದೆ ತಡೆಯಂಗಿಲ್ರಿ."

"ತಡೀತೈತೆ ಅಂದ್ಕೊಂಡೆ. ನಾನು ತಡ್ಕೊಂಡೆನಲ್ಲ?"

ಅಕ್ಕ ಸೆರಗಿನೊಳಗಿಂದ ಎಡಗೈ ತೆಗೆದಳು. ಬೆರಳು ಬದನೆಕಾಯಿಯಾಗಿತ್ತು. ಮೊಣಕೈವರೆಗೂ ಬಾವು. ಭಾವನಿಗೆ ತಡೆಯುತ್ತೋ ಇಲ್ಲವೋ ಅಂತ ಬೆಳಿಗ್ಗೆ ಮೊದಲು ತಾನೇ ಕಚ್ಚಿಸಿಕೊಂಡು ನೋಡಿದ್ದಳು, ಪುಣ್ಯಾತ್ಗಿತ್ತಿ!

ಭಾವ ಎಡಗೈಯಿಂದ ಅವಳ ಆ ಕೈಯನ್ನು ತೊಡೆ ಮೇಲೆ ಎಳೆದುಕೊಂಡರು. ತೊದಲುತ್ತಾ "ಹುಚ್ಚಿ" ಅಂದರು. ಅತ್ತುಬಿಟ್ಟರು.

ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆವು. ಈಗ ಆರಾಮಾಗಿದ್ದಾಳೆ, ಗಾಬರಿ ಬೇಡ. ದಾರಿಯುದ್ದಕ್ಕೂ ರಹಮತ್‌ಗೆ ಅವಳದು ಒಂದೇ ಮಾತು: "ಆ ಕೀಲಿ ಸಿಕ್ಕ ದಿನ ಮೊದ್ಲು ನಮಗೆ ಹೇಳ್ರಿ, ಮರೀಬ್ಯಾಡ್ರಿ."

ಚೇಳಿನ ಕೊಂಡಿಯಲ್ಲಿ ಜೀವ ಉಳಿಸುವ ಚೂರು ಇರಬಹುದು ಅಂದಾಗ ಬೆರಗಾಗಿದ್ದೆನಲ್ಲ, ಆ ಕೊಂಡಿಗೆ ತಾನಾಗಿ ಬೆರಳು ಕೊಟ್ಟವಳ ಮುಂದೆ ಅದು ಯಾವ ಬೆರಗು ಹೇಳಿ?